ಪಿನ್ನು ಹಾಕಿದ ಮೇಲೂ ತಿರುಗುವ ಎಂಜಿನ್ನು

ಹಳೆಯ ಅಂಬಾಸಡರ್ ಕಾರಿನ 1489 ಸಿಸಿ ಎಂಜಿನ್ನು. ಎಷ್ಟೋ ವರ್ಷ ನಿಂತಲ್ಲೇ ನಿಂತು ಒಳಗೆ ಜಾಮಾಗಿತ್ತು. ಚೈನ್ ಬ್ಲಾಕಿನಲ್ಲಿ ಎತ್ತಿ ಸ್ಟ್ಯಾಂಡಿಗೆ ಬೋಲ್ಟು ಮಾಡಿ, ಪಿನ್ನು ಹಾಕಿ, ಮುಂದಿನ ಪುಲ್ಲಿಯ ದೊಡ್ಡ ಬೋಲ್ಟಿಗೆ ಪಾನ ಕೊಟ್ಟೆವು. ಪಾನಕ್ಕೆ ಮೂರಡಿ ಪೈಪು ಸಿಕ್ಕಿಸಿ ಇಬ್ಬರು ತೂಗಿದೆವು. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಎಂಜಿನ್ನೇ ತಿರುಗಿತು. ಮೊದಲು ಒಂದು ಬೆರಳಿನಷ್ಟು ಅಲ್ಲಾಡಿತು, ಆಮೇಲೆ ಟಣ್ ಎಂದು ಪಿನ್ನು ಹಾರಿತು, ಕಣ್ಣು ಮಿಟುಕಿಸುವುದರೊಳಗೆ ಹೆಡ್ಡು ಕೆಳಗೆ, ಎಣ್ಣೆಯ ಛೇಂಬರ್ ಮೇಲೆ. ಕರಿ ಎಣ್ಣೆ ನೆಲಕ್ಕೆಲ್ಲ ಸುರಿಯಿತು. ಎಂಜಿನ್ನಿನ ಮಗ್ಗುಲಲ್ಲಿ ದೀಪ ಹಿಡಿದು ನಿಂತಿದ್ದ ಹುಡುಗ ಸಮಯಕ್ಕೆ ಕೈ ಎಳೆದುಕೊಂಡ. ಇವತ್ತಿಗೂ ಅವನಿಗೆ ಐದು ಬೆರಳೂ ಇವೆ.

“ಪಿನ್ ಹಾಕಿದ್ದೆನಲ್ಲ ಸಾರ್” ಎಂದು ಮೇಸ್ತ್ರಿ ಪದೇಪದೇ ಹೇಳುತ್ತಿದ್ದರು. ನಿಜ, ಹಾಕಿದ್ದರು. ಆ ಸ್ಟ್ಯಾಂಡನ್ನು ನಂತರ ಬಿಚ್ಚಿ, ಅಳೆದು, ಬದಲಾಯಿಸುವ ಹೊತ್ತಿಗೆ ಒಂದು ಮಾತು ನನಗೆ ಖಚಿತವಾಯಿತು. ಎಂಜಿನ್ ಸ್ಟ್ಯಾಂಡಿಗೆ ನಮ್ಮ ಗ್ಯಾರೇಜುಗಳಲ್ಲಿ ನಡೆಯುವ ಬಹುಪಾಲು ರಿಪೇರಿಗಳು ತಪ್ಪು ಜಾಗದಲ್ಲಿ ನಡೆಯುತ್ತಿವೆ.

ಸ್ಟ್ಯಾಂಡೆಂದರೆ ದೊಡ್ಡ ಯಂತ್ರವೇನಲ್ಲ. ಕೆಳಗೆ ಚಕ್ರವಿರುವ ಚೌಕಟ್ಟು, ಅದರ ಮೇಲೊಂದು ಕಂಬ, ಕಂಬದ ನೆತ್ತಿಗೆ ಅಡ್ಡಲಾಗಿ ವೆಲ್ಡ್ ಮಾಡಿದ ದಪ್ಪ ಕೊಳವೆ. ಆ ಕೊಳವೆಯೊಳಗೆ ಇನ್ನೊಂದು ಕೊಳವೆ ತೂರಿಕೊಂಡಿರುತ್ತದೆ. ಒಳಗಿನದರ ಮುಂತುದಿಯಲ್ಲಿ ಒಂದು ಪ್ಲೇಟು, ಪ್ಲೇಟಿಗೆ ಹಿಂದೆ ಮುಂದೆ ಸರಿಯುವ ನಾಲ್ಕು ಕೈಗಳು. ಗೇರ್ ಬಾಕ್ಸ್ ಬಿಚ್ಚಿದ ಮೇಲೆ ಎಂಜಿನ್ನಿನ ಹಿಂಬದಿಯಲ್ಲಿ ಉಳಿಯುವ ಬೋಲ್ಟಿನ ತೂತುಗಳಿಗೆ ಈ ಕೈಗಳನ್ನು ಬಿಗಿಯುತ್ತೇವೆ. ಎಂಜಿನ್ನು ಗಾಳಿಯಲ್ಲಿ ಚಾಚಿಕೊಂಡು ನಿಲ್ಲುತ್ತದೆ. ಬೇಕಾದಾಗ ಹೆಡ್ಡನ್ನು ಮೇಲೆ ಮಾಡಿ, ಬೇಕಾದಾಗ ಕ್ರ್ಯಾಂಕನ್ನು ಮೇಲೆ ಮಾಡಿ ಕೆಲಸ ಮಾಡಬಹುದು. ಹಳೆಯ ಸ್ಟ್ಯಾಂಡುಗಳಲ್ಲಿ ಎರಡೂ ಕೊಳವೆಗಳಿಗೆ ಅಡ್ಡತೂತು ಕೊರೆದು ಒಂದು ಪಿನ್ನು ತೂರಿಸಿರುತ್ತಾರೆ. ಎಂಜಿನ್ನು ತಿರುಗದಂತೆ ಹಿಡಿಯುವುದು ಅದೊಂದೇ.

“ಪಿನ್ನು ಕೂತರೆ ಎಂಜಿನ್ನು ಕೂತ ಹಾಗೆ”

ಹೀಗೆ ನಂಬುವುದು ಸಹಜ. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಬಾಗಿಲು ತೆರೆಯುವುದಿಲ್ಲವಲ್ಲ. ಆದರೆ ನಮ್ಮ ಸ್ಟ್ಯಾಂಡಿನ ಪಿನ್ನು 10 ಮಿಲಿಮೀಟರ್ ಇತ್ತು, ತೂತು ಸವೆದು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿ 12 ಮಿಲಿಮೀಟರ್ ಆಗಿತ್ತು. ಎರಡು ಮಿಲಿಮೀಟರ್ ಸಡಿಲವೆಂದರೆ ಏನು ಮಹಾ ಅನ್ನಿಸುತ್ತದೆ. ಆ ಸಡಿಲವಿರುವುದು ಕೊಳವೆಯ ಮೈಯಲ್ಲಿ, ಅಂದರೆ ತಿರುಗುವ ನಡುಗೆರೆಯಿಂದ ಬರೀ 3 ಸೆಂಟಿಮೀಟರ್ ದೂರದಲ್ಲಿ. ಎಂಜಿನ್ನಿನ ಹೊರಮೈ 30 ಸೆಂಟಿಮೀಟರ್ ದೂರದಲ್ಲಿದೆ. ದೂರ ಹತ್ತು ಪಟ್ಟಾದರೆ ಅಲುಗಾಟವೂ ಹತ್ತು ಪಟ್ಟು. ತೂತಿನ 2 ಮಿಲಿಮೀಟರ್ ಹೊರಗಡೆ 2 ಸೆಂಟಿಮೀಟರ್ ಆಗಿ ಕಾಣುತ್ತದೆ. ಪ್ರತಿಸಲ ಪಾನ ಎಳೆದಾಗಲೂ ಎಂಜಿನ್ನು ಅಷ್ಟು ದೂರ ಹೋಗಿ ಪಿನ್ನಿಗೆ ಗುದ್ದುತ್ತದೆ. ಪ್ರತಿ ಗುದ್ದಿಗೂ ತೂತು ಇನ್ನಷ್ಟು ಅಗಲವಾಗುತ್ತದೆ.

ಇನ್ನೊಂದು ಸಂಗತಿ ಬಿಚ್ಚಿದಾಗ ಗೊತ್ತಾಯಿತು. ಪಿನ್ನು ಮೇಲಿನ ತೂತಿನಲ್ಲಷ್ಟೇ ಕೂತಿತ್ತು. ಸವೆದ ತೂತುಗಳು ಒಂದರ ನೇರಕ್ಕೆ ಒಂದು ಬರದೆ, ಕೆಳಗಿನದಕ್ಕೆ ಅದು ತಲುಪಿಯೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಪಿನ್ನು ಹಾಕಿದಂತೆಯೇ ಕಾಣುತ್ತಿತ್ತು. ಎರಡೂ ಗೋಡೆ ದಾಟಿ ಇನ್ನೊಂದು ಕಡೆಯಿಂದ ಹೊರಗೆ ಇಣುಕದ ಪಿನ್ನನ್ನು ಪಿನ್ನೆಂದು ಲೆಕ್ಕಕ್ಕೆ ಹಿಡಿಯಬಾರದು.

“ದಪ್ಪ ಪಿನ್ನು ಹಾಕಿದರೆ ಸರಿಹೋಗುತ್ತದೆ”

ಎಲ್ಲರೂ ಮಾಡುವುದು ಇದನ್ನೇ. ತೂತನ್ನು 14ಕ್ಕೆ ಕೊರೆದು 14ರ ಪಿನ್ನು ಹಾಕುತ್ತಾರೆ. ಆರು ತಿಂಗಳು ಚೆನ್ನಾಗಿರುತ್ತದೆ, ಮತ್ತೆ ಅದೇ ಕತೆ. ಕೊರೆದಷ್ಟೂ ಕೊಳವೆಯ ಮೈ ಕಡಿಮೆಯಾಗುವುದು ಬೇರೆ.

ಲೆಕ್ಕ ಹಾಕಿ ನೋಡೋಣ. 150 ಕಿಲೋ ತೂಕದ ಎಂಜಿನ್ನು, ಅದರ ತೂಕದ ಕೇಂದ್ರ ಸ್ಟ್ಯಾಂಡಿನ ನಡುಗೆರೆಯಿಂದ 5 ಸೆಂಟಿಮೀಟರ್ ಆಚೆ ಇದೆ ಎಂದುಕೊಳ್ಳಿ. ಎಂಜಿನ್ನು ಅಡ್ಡಡ್ಡ ಮಲಗಿದಾಗ ಅದನ್ನು ತಿರುಗಿಸುವ ಬಲ 150 ಗುಣಿಸು 5, ಅಂದರೆ 750 ಕಿಲೋ-ಸೆಂಟಿಮೀಟರ್. ಇದನ್ನು 3 ಸೆಂಟಿಮೀಟರ್ ದೂರದಲ್ಲಿ ತಡೆಯಬೇಕಾದ ಪಿನ್ನಿನ ಮೇಲೆ ಬೀಳುವ ಭಾರ 250 ಕಿಲೋ. ಇದೇ ಪಿನ್ನನ್ನು 13 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ? 58 ಕಿಲೋ ಸಾಕು.

ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಬೀಸುವ ಕಲ್ಲಿನ ಗೂಟ ಇರುವುದು ಕಲ್ಲಿನ ಅಂಚಿನಲ್ಲಿ. ತಿರುಗುವ ಕಲ್ಲನ್ನು ಆ ಗೂಟ ಹಿಡಿದು ಮಗು ಕೂಡ ನಿಲ್ಲಿಸುತ್ತದೆ. ನಡುವಿನ ಗೂಟವನ್ನು ಎಷ್ಟು ದಪ್ಪ ಮಾಡಿದರೂ ಕಲ್ಲು ನಿಲ್ಲುವುದಿಲ್ಲ. ಎಂಜಿನ್ ಸ್ಟ್ಯಾಂಡಿನಲ್ಲಿ ನಾವು ಮಾಡುತ್ತಿರುವುದು ನಡುವಿನ ಗೂಟವನ್ನು ದಪ್ಪ ಮಾಡುವ ಕೆಲಸ. ಬೇಕಾದದ್ದು ಹಿಡಿತವನ್ನು ನಡುವಿನಿಂದ ಅಂಚಿಗೆ ಸರಿಸುವುದು.

ನಾವು ಮಾಡಿದ್ದು ಇಷ್ಟು. 10 ಮಿಲಿಮೀಟರ್ ದಪ್ಪದ ಎಂ.ಎಸ್. ಪ್ಲೇಟಿನಲ್ಲಿ 300 ಮಿಲಿಮೀಟರ್ ಅಗಲದ ಒಂದು ದುಂಡು ಬಿಲ್ಲೆ ಕತ್ತರಿಸಿದೆವು. ನಡುವೆ ಒಳಕೊಳವೆ ತೂರುವಷ್ಟು ತೂತನ್ನು ಲೇತಿನಲ್ಲಿ ಮಾಡಿಸಿದೆವು. ನಡುವಿನಿಂದ 130 ಮಿಲಿಮೀಟರ್ ದೂರದಲ್ಲಿ ಒಂದು ವೃತ್ತ ಗೀಚಿ, ಅದರ ಮೇಲೆ 15 ಡಿಗ್ರಿಗೆ ಒಂದರಂತೆ 24 ತೂತು ಕೊರೆದೆವು. ಅಲ್ಲಿ ಎರಡು ತೂತುಗಳ ನಡುವೆ 34 ಮಿಲಿಮೀಟರ್ ಅಂತರ ಸಿಗುತ್ತದೆ, 12ರ ಪಿನ್ನಿಗೆ ಧಾರಾಳ. ಬಿಲ್ಲೆಯನ್ನು ಒಳಕೊಳವೆಗೆ, ಎಂಜಿನ್ನಿನ ಪ್ಲೇಟಿನ ಬೆನ್ನಿಗೆ ವೆಲ್ಡ್ ಮಾಡಿದೆವು. ಕಂಬಕ್ಕೆ ಒಂದು ದಪ್ಪ ಪಟ್ಟಿ ವೆಲ್ಡ್ ಮಾಡಿ, ಅದಕ್ಕೆ ಬುಷ್ ಕೂರಿಸಿ, ಬುಷ್‌ನ ಮೂಲಕ ಪಿನ್ನು ಬಿಲ್ಲೆಯ ತೂತಿಗೆ ಇಳಿಯುವಂತೆ ಮಾಡಿದೆವು. ಇಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಎಂಜಿನ್ನಿನ ಹೊರಮೈಯಲ್ಲಿ ಕಾಣುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೊದಲಿದ್ದದ್ದು 2 ಸೆಂಟಿಮೀಟರ್ ಎಂಬುದನ್ನು ನೆನಪಿಡಿ.

ವೆಲ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಎಂಜಿನ್ನು ಸ್ಟ್ಯಾಂಡಿನ ಮೇಲಿರುವಾಗ ವೆಲ್ಡ್ ಮಾಡಬೇಡಿ, ಅರ್ಥ್ ಕ್ಲಿಪ್ಪನ್ನು ಎಲ್ಲೋ ದೂರ ಹಾಕಬೇಡಿ. ಹೊರಕೊಳವೆಯ ಒಂದೇ ಮಗ್ಗುಲಿಗೆ ಉದ್ದಕ್ಕೆ ವೆಲ್ಡ್ ಎಳೆದರೆ ತಣ್ಣಗಾಗುವಾಗ ಅದು ಸೊಟ್ಟಗಾಗಿ ಒಳಕೊಳವೆ ಬಿಗಿಯುತ್ತದೆ. ಎದುರುಬದುರಾಗಿ ಚುಕ್ಕಿ ಚುಕ್ಕಿ ಹಾಕಿಕೊಂಡು, ನಡುನಡುವೆ ತಿರುಗಿಸಿ ನೋಡಿಕೊಂಡು ಮುಂದುವರಿಯಬೇಕು.

“ನೆಟ್ಟಗೆ ನಿಂತಿದೆ, ಅಂದಮೇಲೆ ಸಮತೂಕವಾಗಿದೆ”

ಹೆಚ್ಚು ಜನರ ಕೈ ನಜ್ಜಾಗಿಸಬಲ್ಲ ನಂಬಿಕೆ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪಿನ್ನು ತೆಗೆದು ನೋಡುತ್ತಾರೆ, ಎಂಜಿನ್ನು ಹೆಡ್ಡು ಮೇಲೆ ಮಾಡಿಕೊಂಡು ಸುಮ್ಮನೆ ನಿಂತಿರುತ್ತದೆ. ಸರಿಯಾಗಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಅಂಗೈಯ ಮೇಲೆ ಕೋಲನ್ನು ನಿಲ್ಲಿಸಿದಾಗಲೂ ಅದು ಒಂದು ಗಳಿಗೆ ನಿಲ್ಲುತ್ತದೆ. ತೂಕದ ಕೇಂದ್ರ ನಡುಗೆರೆಯ ನೇರ ಮೇಲಿದ್ದರೆ ತಿರುಗಿಸುವ ಬಲ ಸೊನ್ನೆ. ಹತ್ತು ಡಿಗ್ರಿ ವಾಲಿದರೆ ಪೂರ್ತಿ ಬಲದ ಆರರಲ್ಲೊಂದು ಭಾಗ. ನಲವತ್ತೈದು ಡಿಗ್ರಿಗೆ ನೂರಕ್ಕೆ ಎಪ್ಪತ್ತು. ತೊಂಬತ್ತಕ್ಕೆ ಪೂರ್ತಿ. ಅಂದರೆ ಕೈಯಲ್ಲಿ ಹಿಡಿಯಬಹುದು ಎನ್ನಿಸುವಾಗ ಶುರುವಾಗುವ ವಾಲಿಕೆ, ಹಿಡಿಯುವ ಹೊತ್ತಿಗೆ ಹಿಡಿತ ಮೀರಿರುತ್ತದೆ.

ಎಂಜಿನ್ನಿನ ತೂಕದ ಕೇಂದ್ರ ಕ್ರ್ಯಾಂಕಿನ ನೇರದಲ್ಲಿದೆ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಬೋಲ್ಟಿನ ತೂತುಗಳು ಕ್ರ್ಯಾಂಕಿನ ಸುತ್ತ ಇರುವುದರಿಂದ ಹಾಗನ್ನಿಸುತ್ತದೆ. ಹೆಡ್ಡು ಕೂತಿರುವ ನಾಲ್ಕು ಸಿಲಿಂಡರಿನ ನೇರ ಎಂಜಿನ್ನಿನಲ್ಲಿ ಅದು ಕ್ರ್ಯಾಂಕಿಗಿಂತ ಮೇಲಿರುತ್ತದೆ. ಸ್ಟ್ಯಾಂಡಿನ ನಡುಗೆರೆಯನ್ನು ಕ್ರ್ಯಾಂಕಿಗೇ ಹೊಂದಿಸಿ ಬಿಗಿದರೆ ಎಂಜಿನ್ನು ತಲೆಭಾರದ್ದಾಗಿ ಅವಕಾಶ ಸಿಕ್ಕ ಕೂಡಲೇ ಮಗುಚುತ್ತದೆ. ಅಂಬಾಸಡರ್‌ನ ಆ ಹಳೆಯ ಎಂಜಿನ್ನಿನಲ್ಲಿ ಇನ್ನೊಂದು ಸಂಗತಿ ಇದೆ. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಮ್ಯಾನಿಫೋಲ್ಡುಗಳೆರಡೂ ಒಂದೇ ಮಗ್ಗುಲಲ್ಲಿವೆ. ಎರಕದ ಆ ತೂಕ ಎಂಜಿನ್ನನ್ನು ಪಕ್ಕಕ್ಕೂ ಎಳೆಯುತ್ತದೆ. ಏರಿಸುವ ಮುಂಚೆಯೇ ಅವನ್ನು ಬಿಚ್ಚಿಡುವುದು ಒಳ್ಳೆಯದು.

ತೂಕದ ಕೇಂದ್ರ ಕಂಡುಹಿಡಿಯಲು ಗಾರೆ ಕೆಲಸದವರ ತೂಕದ ಗುಂಡು ಸಾಕು. ಎಂಜಿನ್ನನ್ನು ಚೈನ್ ಬ್ಲಾಕಿನಿಂದ ಒಂದು ಬಿಂದುವಿನಲ್ಲಿ ತೂಗುಹಾಕಿ, ಆ ಬಿಂದುವಿನಿಂದ ಗುಂಡಿನ ದಾರ ಇಳಿಬಿಟ್ಟು ಹಿಂಬದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೇರೆ ಬಿಂದುವಿನಿಂದ ತೂಗುಹಾಕಿ ಇನ್ನೊಂದು ಗೆರೆ. ಎರಡು ಗೆರೆ ಕೂಡುವ ಜಾಗದ ಎದುರು ಸ್ಟ್ಯಾಂಡಿನ ನಡು ಬರುವಂತೆ ನಾಲ್ಕು ಕೈಗಳನ್ನು ಸರಿಸಿಕೊಳ್ಳಿ. ಕೈಗಳಿಗೆ ಉದ್ದನೆಯ ಸೀಳು ತೂತು ಕೊಟ್ಟಿರುವುದೇ ಇದಕ್ಕೆ. ಪೂರ್ತಿ ಸರಿಹೊಂದದಿದ್ದರೆ ನಡುಗೆರೆ ತೂಕದ ಕೇಂದ್ರಕ್ಕಿಂತ ಕೂದಲೆಳೆಯಷ್ಟು ಮೇಲಿರಲಿ, ಕೆಳಗಿರುವುದು ಬೇಡ.

ಒಮ್ಮೆ ಹೊಂದಿಸಿದರೆ ಮುಗಿಯಿತು ಎಂದೂ ಅಲ್ಲ. ಎತ್ತಿನಗಾಡಿಯಲ್ಲಿ ಮುಂದಿನ ಮೂಟೆಗಳನ್ನು ಮೊದಲು ಇಳಿಸಿದರೆ ಮೂಕಿ ಮೇಲೇಳುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಹೆಡ್ಡು ಬಿಚ್ಚಿದ ಕೂಡಲೇ ತೂಕದ ಕೇಂದ್ರ ಕ್ರ್ಯಾಂಕಿನತ್ತ ಇಳಿಯುತ್ತದೆ. ಕ್ರ್ಯಾಂಕು ತೆಗೆದರೆ ಮತ್ತೆ ಮೇಲೇರುತ್ತದೆ. ಬೆಳಿಗ್ಗೆ ಬೆರಳಲ್ಲಿ ತಿರುಗಿದ ಎಂಜಿನ್ನು ಸಂಜೆ ಹೊತ್ತಿಗೆ ಬೇರೆಯೇ ಎಂಜಿನ್ನು.

“ಗ್ರೀಸು ಹಾಕಬೇಡಿ, ಜಾರುತ್ತದೆ”

ಎಷ್ಟೋ ಗ್ಯಾರೇಜುಗಳಲ್ಲಿ ಕೊಳವೆಯ ಜಂಗನ್ನು ಬೇಕೆಂದೇ ಬಿಟ್ಟಿರುತ್ತಾರೆ. ಬಿಗಿಯಾಗಿರುವುದರಿಂದ ತಾನಾಗಿ ತಿರುಗದು ಎಂಬ ಧೈರ್ಯ. ಜಂಗು ಹಿಡಿದ ಕೊಳವೆ ಮೊದಲು ಕದಲುವುದಿಲ್ಲ ನಿಜ. ಆದರೆ ಒಮ್ಮೆ ಕದಲಿದ ಮೇಲೆ ಅದರ ಹಿಡಿತ ಥಟ್ಟನೆ ಇಳಿಯುತ್ತದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲಕ್ಕಿಂತ ಜರುಗುವ ವಸ್ತುವನ್ನು ಜರುಗಿಸುವ ಬಲ ಕಡಿಮೆ. ಒಳಕೊಳವೆ ತಿರುಗಿಸಲು ಉದ್ದದ ರಾಡು ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತುತ್ತಿರುವಾಗ ಅದು ಕಳಚಿಕೊಂಡರೆ ಎಂಜಿನ್ನಿನ ಜೊತೆ ನೀವೂ ಹೋಗುತ್ತೀರಿ. ಜಂಗನ್ನು ಉಜ್ಜಿ ತೆಗೆಯಿರಿ, ಗ್ರೀಸು ಹಾಕಿ, ತಿರುಗಿಸುವುದು ಹಗುರಾಗಲಿ. ತಡೆಯುವ ಕೆಲಸ ಬೀಗದ್ದು, ಜಂಗಿನದ್ದಲ್ಲ.

“ಒಂದು ನಟ್ಟು ವೆಲ್ಡ್ ಮಾಡಿ ಬೋಲ್ಟು ಬಿಗಿದರೆ ಸಾಕು”

ಇದರಲ್ಲಿ ಅರ್ಧ ಸತ್ಯವಿದೆ. ಹೊರಕೊಳವೆಗೆ ತೂತು ಮಾಡಿ ಮೇಲೊಂದು ನಟ್ಟು ವೆಲ್ಡ್ ಮಾಡಿ, 12ರ ಬೋಲ್ಟನ್ನು ಒಳಕೊಳವೆಗೆ ಒತ್ತುವಂತೆ ಬಿಗಿಯುವುದು ಬಹಳ ಹಳೆಯ ಉಪಾಯ. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಅಲುಗಾಟ ಖಂಡಿತ ಕಡಿಮೆಯಾಗುತ್ತದೆ, ಏಕೆಂದರೆ ಎರಡು ಕೊಳವೆಗಳ ನಡುವಿನ ಸಡಿಲವನ್ನು ಬೋಲ್ಟು ಒಂದು ಕಡೆಗೆ ಒತ್ತಿ ಹಿಡಿಯುತ್ತದೆ. ಆದರೆ ಬೋಲ್ಟಿನ ತುದಿ ಕೊಳವೆಯನ್ನು ತಿನ್ನುತ್ತದೆ. ತಿಂದ ಜಾಗದಲ್ಲಿ ಏಳುವ ಅಂಚು ಮುಂದೆ ತಿರುಗಿಸುವಾಗ ಕಚ್ಚಿಕೊಳ್ಳುತ್ತದೆ. ಜೊತೆಗೆ ಇದೂ ನಡುವಿನಲ್ಲೇ ಹಿಡಿಯುವ ಉಪಾಯ. ಮಾಡಲೇಬೇಕೆಂದರೆ ಬೋಲ್ಟಿನ ತುದಿಗೆ ಹಿತ್ತಾಳೆಯ ಬಿಲ್ಲೆ ಕೊಡಿ, ಪಿನ್ನನ್ನು ತೆಗೆದೊಗೆಯಬೇಡಿ.

ಹೊರಕೊಳವೆಯನ್ನೇ ಉದ್ದಕ್ಕೆ ಸೀಳಿ, ಎರಡು ಕಿವಿ ವೆಲ್ಡ್ ಮಾಡಿ ಬೋಲ್ಟಿನಿಂದ ಅದುಮುವವರೂ ಇದ್ದಾರೆ. ಹಿಡಿತ ಸುತ್ತಲೂ ಸಮನಾಗಿ ಬೀಳುವುದರಿಂದ ಇದು ಮೇಲು. ಆದರೆ ಆ ಕೊಳವೆಯೇ ಚಾಚಿದ ಎಂಜಿನ್ನಿನ ಪೂರ್ತಿ ಭಾರ ಹೊರುತ್ತಿರುವುದು. ತುದಿಯಿಂದ ತುದಿಗೆ ಸೀಳಿದರೆ ಅದು ಬಾಯಿ ಬಿಡುತ್ತದೆ. ನಾನಂತೂ ಸೀಳುವುದಿಲ್ಲ.

ದುಂಡು ಬಿಲ್ಲೆ ಹಾಕಿದ ಮೇಲೆ ನಮಗೆ ಇನ್ನೊಂದು ದಾರಿ ತಾನಾಗಿ ತೆರೆದುಕೊಂಡಿತು. ಆ ಬಿಲ್ಲೆಯನ್ನೇ ಬೈಕಿನ ಡಿಸ್ಕಿನ ಹಾಗೆ ಬಳಸಿದೆವು. ಗುಜರಿಯಿಂದ ತಂದ ಹಳೆಯ ಬ್ರೇಕ್ ಪ್ಯಾಡುಗಳ ಎರಡು ತುಂಡನ್ನು ಒಂದು ದಪ್ಪ ಕೊಕ್ಕೆಗೆ ಅಂಟಿಸಿ, ಬೋಲ್ಟು ಬಿಗಿದಾಗ ಬಿಲ್ಲೆಯನ್ನು ಎರಡೂ ಕಡೆಯಿಂದ ಅದುಮುವಂತೆ ಕಂಬಕ್ಕೆ ಕೂರಿಸಿದೆವು. ಬೋಲ್ಟು 500 ಕಿಲೋ ಬಲದಲ್ಲಿ ಅದುಮಿದರೆ, ಘರ್ಷಣೆಯ ಗುಣಕ 0.3 ಎಂದು ಹಿಡಿದರೆ, ಎರಡೂ ಮೈ ಸೇರಿ 300 ಕಿಲೋ ಹಿಡಿತ. ಅದೂ 13 ಸೆಂಟಿಮೀಟರ್ ದೂರದಲ್ಲಿ. 3900 ಕಿಲೋ-ಸೆಂಟಿಮೀಟರ್ ಆಯಿತು, ಬೇಕಾದದ್ದು 750. ಈಗ ಪಿನ್ನು ತೆಗೆಯುವ ಮುನ್ನ ಬ್ರೇಕು ಬಿಗಿಯುತ್ತೇವೆ, ರಾಡು ಹಿಡಿದು ಬ್ರೇಕನ್ನು ನಿಧಾನ ಸಡಿಲಿಸುತ್ತೇವೆ, ಎಂಜಿನ್ನು ನಾವು ಹೇಳಿದಷ್ಟೇ ತಿರುಗುತ್ತದೆ. ಪ್ಯಾಡಿನ ಮೇಲೆ ಎಣ್ಣೆ ಬಿದ್ದರೆ ಈ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ, ಎಂಜಿನ್ನಿನ ಕೆಲಸದಲ್ಲಿ ಎಣ್ಣೆ ಬೀಳದ ಜಾಗವಿಲ್ಲ. ಆದ್ದರಿಂದ ಬ್ರೇಕಿನ ಜೊತೆಗೆ ಪಿನ್ನು ಇರಲೇಬೇಕು.

“ಗೇರಿನ ಸ್ಟ್ಯಾಂಡಿದ್ದರೆ ಚಿಂತೆಯೇ ಇಲ್ಲ”

ವರ್ಮ್ ಗೇರಿನ ಸ್ಟ್ಯಾಂಡು ನಿಜಕ್ಕೂ ಒಳ್ಳೆಯದು. ಒಂದೆಳೆಯ ವರ್ಮು, 40 ಹಲ್ಲಿನ ಚಕ್ರವಿದ್ದರೆ ಹ್ಯಾಂಡಲನ್ನು 40 ಸುತ್ತು ತಿರುಗಿಸಿದಾಗ ಎಂಜಿನ್ನು ಒಂದು ಸುತ್ತು ಬರುತ್ತದೆ. ಎಳೆಯ ಓರೆ ಕಡಿಮೆಯಿದ್ದರೆ ಎಂಜಿನ್ನು ಹಿಂದಕ್ಕೆ ಗೇರನ್ನು ತಿರುಗಿಸಲಾರದು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಗುಜರಿಯಲ್ಲಿ ಹಳೆಯ ವರ್ಮ್ ಗೇರ್ ಬಾಕ್ಸುಗಳನ್ನು ಹುಡುಕಿ ಹಳೆಯ ಸ್ಟ್ಯಾಂಡಿಗೆ ಕೂರಿಸಲೂಬಹುದು. ಆದರೆ ಸುತ್ತಿಗೆ ಪೆಟ್ಟು, ಇಂಪ್ಯಾಕ್ಟ್ ಗನ್ನಿನ ನಡುಕಕ್ಕೆ ಅದೂ ಇಷ್ಟಿಷ್ಟೇ ಸರಿಯಬಹುದು. ಹಲ್ಲು ಸವೆದ ಗೇರಿಗೂ ಸಡಿಲವಿದೆ. ಅದಕ್ಕೂ ಪಿನ್ನು ಬೇಕು.

ಇನ್ನು ನಮ್ಮ ಮೇಸ್ತ್ರಿಯ ಒಂದು ಪ್ರಶ್ನೆ ಉಳಿದಿತ್ತು. ಹೆಡ್ಡಿನ ಬೋಲ್ಟುಗಳನ್ನು ಇದೇ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಬಿಗಿದಿದ್ದೇನೆ, ಆಗೆಲ್ಲ ತಿರುಗದ ಎಂಜಿನ್ನು ಪುಲ್ಲಿಯ ಬೋಲ್ಟಿಗೇ ಏಕೆ ತಿರುಗಿತು? ಅವರ ಅನುಮಾನ ಸರಿಯಾದದ್ದು. ಹೆಡ್ಡಿನ ಬೋಲ್ಟು ಮೇಲ್ಮುಖವಾಗಿದೆ. ಅದನ್ನು ಬಿಗಿಯುವ ತಿರುಚು ಇಡೀ ಸ್ಟ್ಯಾಂಡನ್ನು ನೆಲದ ಮೇಲೆ ಸುತ್ತಿಸಲು ನೋಡುತ್ತದೆ, ಕೊಳವೆಯನ್ನಲ್ಲ. ಪುಲ್ಲಿಯ ಬೋಲ್ಟು ಕ್ರ್ಯಾಂಕಿನ ನೇರಕ್ಕಿದೆ, ಸ್ಟ್ಯಾಂಡಿನ ಕೊಳವೆಯೂ ಅದೇ ದಿಕ್ಕಿಗಿದೆ. ಕ್ರ್ಯಾಂಕು ಜಾಮಾಗಿದ್ದಾಗ ಬೋಲ್ಟಿಗೆ ಕೊಟ್ಟ ತಿರುಚು ಪೂರ್ತಿಯಾಗಿ ಪಿನ್ನಿನ ಮೇಲೆ ಬೀಳುತ್ತದೆ. ಮೂರಡಿ ಪೈಪಿನ ತುದಿಯಲ್ಲಿ 40 ಕಿಲೋ ಒತ್ತಿದರೆ ಸುಮಾರು 3600 ಕಿಲೋ-ಸೆಂಟಿಮೀಟರ್. ಎಂಜಿನ್ನಿನ ಸ್ವಂತ ತೂಕ ಕೊಡುವುದರ ಸುಮಾರು ಐದು ಪಟ್ಟು. 3 ಸೆಂಟಿಮೀಟರ್ ದೂರದ ಪಿನ್ನಿಗೆ ಅದು 1200 ಕಿಲೋ ಏಟು. ಪುಲ್ಲಿಯ ಬೋಲ್ಟನ್ನು, ಫ್ಲೈವೀಲಿನ ಬೋಲ್ಟುಗಳನ್ನು ಎಂಜಿನ್ನು ಗಾಡಿಯಲ್ಲಿರುವಾಗಲೇ ಅಥವಾ ನೆಲದ ಮೇಲೆ ಮರದ ದಿಮ್ಮಿಗಳ ನಡುವೆ ಕೂತಿರುವಾಗಲೇ ಸಡಿಲಿಸಿಕೊಳ್ಳಬೇಕು. ಸ್ಟ್ಯಾಂಡಿಗೆ ಬಿಗಿದ ಮೇಲೆ ಫ್ಲೈವೀಲು ಕೈಗೆ ಸಿಗುವುದೂ ಇಲ್ಲ.

ಮೂರು ಚಕ್ರದ ಸ್ಟ್ಯಾಂಡಿನ ಬಗ್ಗೆ ಎರಡೇ ಮಾತು. ತಿರುಗುವುದನ್ನು ನಿಲ್ಲಿಸಿದ ಮೇಲೆ ಆ ಬಲ ಮಾಯವಾಗುವುದಿಲ್ಲ, ಚೌಕಟ್ಟಿಗೆ ಇಳಿಯುತ್ತದೆ. ಬುಡ ಕಿರಿದಾದ ಸ್ಟ್ಯಾಂಡು ಆಗ ಇಡಿಯಾಗಿ ಮಗುಚಬಹುದು. ಬಿಲ್ಲೆ ಹಾಕುವ ದಿನವೇ ಮುಂಭಾಗಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ನಾಲ್ಕನೆಯ ಚಕ್ರ ಹಾಕಿಸಿ.

ಮುಂದಿನ ಎಂಜಿನ್ನು ಏರಿಸುವ ಮುನ್ನ ನಿಮ್ಮ ಸ್ಟ್ಯಾಂಡಿನ ಪಿನ್ನನ್ನು ಹಾಕಿ, ಪ್ಲೇಟಿನ ಖಾಲಿ ಕೈಗಳನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿ. ಕೈಯ ತುದಿ ಒಂದು ಬೆರಳಿನಷ್ಟು ಓಡಾಡಿದರೂ ಆ ಸ್ಟ್ಯಾಂಡಿಗೆ ಎಂಜಿನ್ನು ಏರಿಸಬೇಡಿ. ಅದರ ಪಕ್ಕದಲ್ಲಿ ದೀಪ ಹಿಡಿದು ನಿಲ್ಲಲು ಯಾವ ಹುಡುಗನಿಗೂ ಹೇಳಬೇಡಿ.